ಭಾನುವಾರದ ಎಲೆಗಂಟು

ಕೆಸುವಿನೆಲೆ ಎರಡು, ಒಂದರ ಮೇಲೊಂದು,
ಅಂಗೈಯಲ್ಲಿ ಬಟ್ಟಲಂತೆ ಹಿಡಿದು
ಮೊದಲು ಈರುಳ್ಳಿ, ಆಮೇಲೆ ಕುರಿಯ ಪಕ್ಕೆತುಂಡು,
ಮೇಲೆ ಹಿಂಡಿದ ತೆಂಗಿನಹಾಲು, ತುಳುಕದಷ್ಟು.
ನುಕುಅಲೋಫಾದ ನಮ್ಮ ಹಿತ್ತಿಲಲ್ಲಿ
ಶನಿವಾರವೇ ಕಲ್ಲು ಆರಿಸಿಟ್ಟಿರುತ್ತಾನೆ ಅಣ್ಣ ಫೆಆವೊ;
ಇಗರ್ಜಿಯ ಗಂಟೆಗೆ ಮುಂಚೆ ಗುಂಡಿ ಮುಚ್ಚಬೇಕು.

ಪಕ್ಕೆಮಾಂಸ ಬರುವುದು ಹಡಗಿನಲ್ಲಿ, ಹೆಪ್ಪುಗಟ್ಟಿ,
ರಟ್ಟಿನ ಪೆಟ್ಟಿಗೆಯಲ್ಲಿ. ಕುರಿ ಸಾಕಿದವರು
ತಾವು ತಿನ್ನದೆ ಬದಿಗಿಟ್ಟ ಭಾಗ.
ಅರ್ಧ ಕೊಬ್ಬು, ಅರ್ಧ ಮಾಂಸ.
ಇಲ್ಲ, ಲೆಕ್ಕ ತಪ್ಪಿತು,
ಕೊಬ್ಬೇ ಹೆಚ್ಚು.
ಆದರೂ ಅದಿಲ್ಲದ ಭಾನುವಾರ ಭಾನುವಾರವಲ್ಲ.
ನೆಂಟರಿಗೆ ತೆಳ್ಳನೆ ತುಂಡು ಬಡಿಸಿದ ಮನೆಯ ಹೆಸರು
ಮೂರು ತಲೆಮಾರು ನೆನಪಿರುತ್ತದೆ ಈ ಊರಿಗೆ.

ವಾರದ ದಿನಗಳಲ್ಲಿ ನಾನು ಆಸ್ಪತ್ರೆಯ ಲ್ಯಾಬಿನವಳು.
ಗಾಜಿನ ಮೇಲೆ ಹನಿ ರಕ್ತ ಸವರಿ, ನೇರಳೆ ಬಣ್ಣ ಹಚ್ಚಿ
ಬಿಳಿಕಣ ಎಣಿಸುತ್ತೇನೆ.
ಅಪ್ಪನದನ್ನೂ ಎಣಿಸಿದ್ದೆ, ಕಾಲು ತೆಗೆಯುವ ಹಿಂದಿನ ದಿನ.
ಕೊರತೆಯಿರಲಿಲ್ಲ. ಬೇಕಾದ್ದಕ್ಕಿಂತ ಹೆಚ್ಚೇ ಇದ್ದವು.
ಇಷ್ಟು ಮಂದಿ ಕಾವಲಿಗಿದ್ದೂ
ಒಂದು ಹವಳದ ಚೂರು ಕೊರೆದ ಗಾಯ ಮಾಯದೆ ಹೋಯಿತೆ?
ಡಾಕ್ಟರ್ ವಿಕಾ ಕನ್ನಡಕ ಒರೆಸುತ್ತ ಹೇಳಿದಳು:
ಸಕ್ಕರೆ ವಂಶದ್ದು, ಕೊಬ್ಬು ತಟ್ಟೆಯದ್ದು; ಎರಡೂ ಕೂಡಿದಲ್ಲಿ
ಕಾವಲಿನವರು ನಿದ್ದೆಗೆಡುತ್ತಾರೆ,
ಕಳ್ಳನಿಲ್ಲದೆಯೂ ಕೂಗುತ್ತಾರೆ,
ಸ್ವಂತ ಮನೆಯ ಬಾಗಿಲನ್ನೇ ಬಡಿಯುತ್ತಾರೆ;
ನಿಜವಾದ ಕಳ್ಳ ಬಂದ ರಾತ್ರಿ ತೂಕಡಿಸುತ್ತಾರೆ.

ಬೇಲಿ ಹೊಲ ಮೇಯುವುದು ಕೇಳಿದ್ದೆ.
ಮೇಯ್ದು ಮೇಯ್ದು ಬೇಲಿಗೂ ಸುಸ್ತಾಗುವುದು
ಅವತ್ತು ಗೊತ್ತಾಯಿತು.

ಅಜ್ಜಿಗೆ ಕಣ್ಣು, ಸೋದರತ್ತೆಗೆ ಮೂತ್ರಪಿಂಡ,
ಅಪ್ಪನಿಗೆ ಎಡಗಾಲು.
ಪಾಲುಪಟ್ಟಿಯಲ್ಲಿ ನನ್ನದಿನ್ನೂ ಬರೆದಾಗಿಲ್ಲ.

ಇವತ್ತು ಒಂದು ಗಂಟಿನಲ್ಲಿ ಮಾತ್ರ ಮೀನಿಟ್ಟಿದ್ದೆ,
ಹಾಲು ಎರಡೇ ಚಮಚ, ಗುರುತಿಗೆ ಬಾಳೆನಾರು.
ಅಪ್ಪ ಕೈಗೆತ್ತಿಕೊಂಡ. ಬಿಚ್ಚಲಿಲ್ಲ.
ತೂಕದಲ್ಲೇ ತಿಳಿದುಕೊಂಡ, ಎಷ್ಟೆಂದರೂ
ಬಂದರಿನಲ್ಲಿ ಮೂವತ್ತು ವರ್ಷ ಮೂಟೆ ಹೊತ್ತವನು.
ಬೈಯುತ್ತಾನೆಂದುಕೊಂಡೆ.
ಮೊಮ್ಮಗ ಮಾಕನ ತಟ್ಟೆಗೆ ಅದನ್ನು ದಾಟಿಸಿ
"ಓಡುವ ಕಾಲಿನವನು ಇದನ್ನು ತಿನ್ನಲಿ" ಎಂದು
ನನ್ನ ಗಂಟಿಗೇ ಕೈಹಾಕಿದ.
ಗಲ್ಲಕ್ಕಿಳಿದ ಜಿಡ್ಡು ಹೊಳೆಯಿತು. ನಕ್ಕೆವು,
ಎಲ್ಲರೂ, ನಾನೂ.

ತುರಿಮಣೆ ತಾಗಿ ಹೆಬ್ಬೆರಳು ಸೀಳಿ ಹದಿನೇಳು ದಿನ.
ಬೆಳಿಗ್ಗೆ ಮತ್ತೆ ಪಟ್ಟಿ ಬದಲಿಸಿದ್ದೆ.
ಅಪ್ಪ ನೋಡಿದ; ಕೈ ಎಲೆಯಡಿಗೆ ಸರಿಸಿದೆ.

ನಾಳೆ ಎಲ್ಲರಿಗಿಂತ ಮೊದಲು ಹೋಗಿ
ಇನ್ನೊಂದು ಗಾಜು ಸವರುತ್ತೇನೆ.
ಅಂಚಿನಲ್ಲಿ ಹೆಸರು ಬರೆಯುವ ಜಾಗ ಬಲು ಚಿಕ್ಕದು;
ಕಲೊಲೈನೆ, ಉದ್ದನೆ ಹೆಸರು,
ನಮ್ಮಜ್ಜಿಯದೇ.