ಆರನೇ ಮಂಚದ ಹದ

ರಾತ್ರಿ ಎರಡೂವರೆ. ಮಂಡ್ಯದ ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ
ನಾನು, ಗಿರ್ರೆನ್ನುವ ಯಂತ್ರ.
ಆರನೇ ಮಂಚದ ರಕ್ತ. ಹೆಸರು ಮಾಯಿಗಣ್ಣ, ಐವತ್ತೆಂಟು,
ಊರು ಕೊತ್ತತ್ತಿ ಕಡೆ, ಕಸುಬು ಆಲೆಮನೆ.
ಟ್ರೋಪೋನಿನ್ ಹೇಳಬೇಕಾದ್ದನ್ನು ಹೇಳಿಯಾಗಿತ್ತು.
ಹಾಳೆಯ ಕೊನೆಗೆ, ಯಾರೂ ಬೆರಳಿಟ್ಟು ಓದದ ಸಾಲಿನಲ್ಲಿ
ಯೂರಿಕ್ ಆಸಿಡ್: ಎಂಟು ಪಾಯಿಂಟ್ ಒಂಬತ್ತು.

ಬೆಳಗ್ಗೆ ಮತ್ತೆ ಸೂಜಿ ಹಿಡಿದು ಹೋದರೆ
ಹೊದಿಕೆಯಿಂದಾಚೆ ಅವನ ಎಡಗಾಲ ಹೆಬ್ಬೆರಳು,
ಬುಡದಲ್ಲಿ ಗಂಟು, ಬದನೆಯ ಬಣ್ಣ.
‘ಇದಾ? ನಾಕೊರ್ಷ ಆಯ್ತು ಕನವ್ವ.
ದುಪ್ಟಿ ತಾಗುದ್ರೂ ಜೀವ ಹೋದಂಗಾಗದು.
ಕೊಪ್ಪರಿಗೆ ಕಾವ್ಗೆ ಅನ್ಕಂಡು ಎಕ್ಕದೆಲೆ ಕಟ್ಟಿ ಸುಮ್ಗಾದೆ.’

ನಾಲ್ಕು ವರ್ಷ ಹೆಬ್ಬೆರಳು ಕೂಗಿದೆ,
ಎದೆಗೆ ಕೇಳಿಸುವ ತನಕ.

ಡಾಕ್ಟರಮ್ಮ ರೌಂಡ್ಸಿನಲ್ಲಿ ಹುಡುಗರಿಗೆ ಹೇಳುತ್ತಿದ್ದರು:
ಇದು ಜಾಸ್ತಿ ಇದ್ದವರಿಗೆ ಆಮೇಲಿನ ತೊಡಕೂ ಜಾಸ್ತಿ,
ಪಂಪು ಸೋಲುತ್ತದೆ, ಮತ್ತೆ ಬರುತ್ತಾರೆ,
ಕೆಲವರು ಬರುವುದಿಲ್ಲ.
ಆದರೆ ಇದೇ ಕಳ್ಳನೋ, ಕಳ್ಳನನ್ನು ಕಂಡ ಸಾಕ್ಷಿಯೋ,
ಇನ್ನೂ ತೀರ್ಮಾನವಿಲ್ಲ.

‘ಏನಂದ್ರು?’ ಅಂದ ಮಾಯಿಗಣ್ಣ.
ಹೇಗೆ ಹೇಳಲಿ. ಪಾಕ ಅಂದೆ. ರಕ್ತದೊಳಗೆ ಹರಳು ಕಟ್ಟುವ ಹದ.
ಅವನ ಮುಖ ತೆರೆದುಕೊಂಡಿತು:
‘ನೀರ್ಗೆ ತೊಟ್ಟು ಬುಟ್ಟು, ಬೆಳ್ಳಲ್ಲಿ ಉಂಡೆ ಮಾಡಿ ನೋಡ್ತೀವಿ.
ಗಳ್ಗೆ ತಡುದ್ರೆ ಕೊಪ್ಪರಿಗೇನೇ ಹೋಯ್ತು.
ಮೂವತ್ತೊರ್ಷದಲ್ಲಿ ಒಂದ್ ಪಾಕಾನೂ ಕೆಡುಸ್ನಿಲ್ಲ ನಾನು.’
ಆಮೇಲೆ ತನ್ನ ಕೈಯ ನೀಲಿ ನರವನ್ನೇ ನೋಡುತ್ತ ಕೂತ,
ಒಲೆಯಿಂದ ಇಳಿಸಲು ಮರೆತವನ ಹಾಗೆ.

ಐದನೇ ಮಂಚದ ಮೇಷ್ಟ್ರದು ನಾಲ್ಕು ಪಾಯಿಂಟ್ ಆರು, ಚೊಕ್ಕ.
ಗುರುವಾರ ಸಂಜೆ ಟೀ ಕೇಳಿದರು.
ಟೀ ಬರುವಷ್ಟರಲ್ಲಿ ಇರಲಿಲ್ಲ.
ಅಂಕಿ ಸಾವಿರ ಜನರ ಬಗ್ಗೆ ಮಾತಾಡುತ್ತದೆ,
ಒಬ್ಬನ ಹೆಸರು ಹಿಡಿದು ಕರೆಯಲು ಅದಕ್ಕೆ ಬಾರದು.

ತಿಂಗಳಾದ ಮೇಲೆ ಕಿಟಕಿಗೆ ಬಂದ, ನಾಲ್ಕು ಮೆಟ್ಟಿಲಿಗೇ ಏದುಸಿರು.
ತೋಳು ಚಾಚಿದ. ಆರು ಪಾಯಿಂಟ್ ಎಂಟು.
ಕಮ್ಮಿಯಾಗಿದೆ, ಅಂದೆ.
‘ಎದೆ?’ ಅಂದ.
ಅದನ್ನು ನನ್ನ ಯಂತ್ರ ಅಳೆಯುವುದಿಲ್ಲ.

ಪೇಪರಿನಲ್ಲಿ ಸುತ್ತಿದ ಅಚ್ಚು ಬೆಲ್ಲ ಇಟ್ಟು ಹೋದ:
‘ನಂಗ್ ಬ್ಯಾಡ ಅಂದವ್ರೆ. ನೀನ್ ತಿನ್ನವ್ವ.’
ಆಷಾಢದ ತೇವಕ್ಕೆ ಮೂರೇ ದಿನದಲ್ಲಿ ಬೆವರಿ
ಕಾಗದಕ್ಕೆ ಅಂಟಿ ಕೂತಿದೆ.
ಬಿಡಿಸಲು ಹೋದರೆ
ಅಕ್ಷರವೂ ಕಿತ್ತು ಬರುತ್ತದೆ.