ಕಸಾಯಿಯ ಹೆಂಡತಿ ಲೇಬಲ್ ಓದುತ್ತಾಳೆ

ಕಲೀನಾ, ನನ್ನ ಕನ್ನಡಕ ಕೊಡು. ಅದಲ್ಲ,
ದಾರ ಕಟ್ಟಿದ್ದು.
ಇಷ್ಟು ಸಣ್ಣ ಅಕ್ಷರ ನಾನು ನೋಡಿದ್ದು
ನಿನ್ನಜ್ಜನ ಆಸ್ಪತ್ರೆ ಕಾಗದದಲ್ಲಿ ಮಾತ್ರ.
ಅದರಲ್ಲೂ ಮುಖ್ಯವಾದದ್ದು ಕೆಳಗಡೆಯೇ ಇತ್ತು.

ಮುಂದುಗಡೆ ಹಸಿರೋ ಹಸಿರು: ಒಂದು ಎಲೆ, ಒಂದು ಸೂರ್ಯ,
ಎರಡು ಕೈ ಮೂಡಿದ, ನಗುವ ಬಟಾಣಿ.
ಯಾಕೆ ನಗುತ್ತದೆಯೋ! ಸುಲಿಯುವಾಗ ಒಂದೂ ನಕ್ಕಿದ್ದಿಲ್ಲ.
ತಿರುಗಿಸು. ಹಂದಿ ಕೊಳ್ಳುವಾಗಲೂ ನಿನ್ನಜ್ಜ
ಮುಖ ನೋಡಿ ಬೆಲೆ ಕಟ್ಟಿದವನಲ್ಲ.

ನೀರು.
ಮೊದಲನೆಯದೇ ನೀರು. ಇರಲಿ,
ತೋರುನ್ ನದಿ ದಡದ ಊರು, ನೀರಿಗೆ ನಾವು ಹೆದರುವವರಲ್ಲ.
ಆದರೆ ಹದಿನೆಂಟು ಝ್ಲೋಟಿ ಕೊಟ್ಟು ನೀನು ತಂದದ್ದು
ವಿಸ್ತುಲಾವನ್ನೇ ಏನು?
ಬಟಾಣಿಯ ಪ್ರೋಟೀನು, ನೂರಕ್ಕೆ ಹದಿನಾಲ್ಕು.
ಉಳಿದ ಬಟಾಣಿ ಎಲ್ಲಿ ಹೋಯಿತು? ಅದರ ಸಿಪ್ಪೆ, ಅದರ ಸಿಹಿ,
ಬಾಣಲೆಯಲ್ಲಿ ಸಿಡಿಯುವ ಅದರ ಸಿಟ್ಟು?
ತೆಂಗಿನೆಣ್ಣೆ. ತೆಂಗಿನ ಮರ ನಾನು ಕಂಡಿದ್ದು
ಬಿಸ್ಕತ್ತಿನ ಡಬ್ಬಿಯ ಮೇಲೆ.

ಮೀಥೈಲ್ ಸೆಲ್ಯುಲೋಸ್.
ತಾಳು. ಇದು ನನಗೆ ಗೊತ್ತು.
ಎಪ್ಪತ್ತೊಂಬತ್ತರ ಚಳಿಗಾಲ, ಇದೇ ಅಡುಗೆಮನೆಯ ಗೋಡೆಗೆ
ಕಿತ್ತಳೆ ಹೂವಿನ ಕಾಗದ ಅಂಟಿಸಿದೆವು.
ಗೋಂದಿನ ಪೊಟ್ಟಣದ ಮೇಲೆ ಇದೇ ಹೆಸರು.
ನಿನ್ನಮ್ಮ ಮೂರು ವರ್ಷದವಳು, ಬಕೆಟ್ಟಿಗೆ ಕೈಯದ್ದಿ
ನೆಕ್ಕಿಯೇ ಬಿಟ್ಟಳು. ಏನೂ ಆಗಲಿಲ್ಲ.
ಕಾಗದವೂ ಬಿಟ್ಟಿಲ್ಲ, ಬೇಕಾದರೆ ನೋಡು, ಫ್ರಿಜ್ಜಿನ ಹಿಂದೆ.

ನೀನು ನಗುತ್ತೀಯ. ಇದು ತಿನ್ನುವಂಥದ್ದು ಅಜ್ಜಿ,
ಶುದ್ಧ ಮಾಡಿದ್ದು, ಅನ್ನುತ್ತೀಯ.
ಇರಬಹುದು. ಹೆಸರು ಉದ್ದವಾದ ಮಾತ್ರಕ್ಕೆ ವಿಷವಲ್ಲ,
ನನ್ನ ತವರಿನ ಹೆಸರೂ ಒಂದು ಮೊಳ ಉದ್ದ.
ಗಿಡದಿಂದ ಬಂದ ಮಾತ್ರಕ್ಕೆ ಅಮೃತವೂ ಅಲ್ಲ.
ತಂಬಾಕೂ ಗಿಡವೇ, ಉಮ್ಮತ್ತವೂ ಗಿಡವೇ.

ಬೀಟ್‌ರೂಟಿನ ಬಣ್ಣ. ಒಳ್ಳೆಯದು.
ಹೊಗೆಯ ವಾಸನೆ, ಬಾಟಲಿಯಿಂದ. ಬೆಂಕಿಯಿಲ್ಲದೆ ಹೊಗೆ,
ನಮ್ಮ ಪಾದ್ರಿಯ ಭಾಷಣದ ಹಾಗೆ.
ಉಪ್ಪು, ಎರಡು ಗ್ರಾಂ ಮೇಲೆ ಚೂರು.

ಇಲ್ಲಿ ನನ್ನ ಬೆರಳು ನಿಂತಿತು.
ನೀವೆಲ್ಲ ಉದ್ದನೆಯ ಹೆಸರಿಗೆ ಬೆಚ್ಚುತ್ತೀರಿ.
ನಾನು ಬೆಚ್ಚುವುದು ಈ ಎರಡಕ್ಷರಕ್ಕೆ.
ನಿನ್ನಜ್ಜನ ಎದೆ ನಿಂತದ್ದು ಗೋಂದು ತಿಂದಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ,
ಮಾತು ಬಲ್ಲವನಿಗೆ ಜಗಳವಿಲ್ಲ.
ಎಡ್ಮುಂಡ್ ಮಾತು ಬಲ್ಲವ. ಅಂಗಡಿಯಲ್ಲಿ ಜಗಳವೇ ಇರಲಿಲ್ಲ.
ಏನೇನಿದೆ ಇದರಲ್ಲಿ, ಎಂದು ಸಾಲಿನಲ್ಲಿ ನಿಂತವರು ಕೇಳಿದರೆ
ಹಂದಿ, ಬೆಳ್ಳುಳ್ಳಿ, ಮತ್ತೆ ನನ್ನ ಪ್ರೀತಿ, ಅನ್ನುತ್ತಿದ್ದ.
ಆ ಪ್ರೀತಿಯಲ್ಲಿ ಆಲೂಗಡ್ಡೆ ಹಿಟ್ಟಿತ್ತು.
ಕೂಪನ್ನಿನ ವರ್ಷಗಳಲ್ಲಿ ಒಣ ಬ್ರೆಡ್ಡಿನ ಪುಡಿ,
ಕೆಲವು ಸಲ ಮೊನ್ನೆ ಮಾರದೆ ಉಳಿದದ್ದು,
ಕೆಂಪು ಕೆಡದಂತೆ ಪೆಟ್ಲುಪ್ಪು, ಕಣ್ಣಳತೆಯಲ್ಲಿ.
ಕಲಸಿದ ಕೈ ಇದು.
ಯಾರೂ ಚೀಟಿ ಕೇಳಲಿಲ್ಲ. ಕೇಳಿದ್ದರೆ ಬರೆಯಬೇಕಾದವಳು ನಾನೇ,
ಶಾಲೆಯಲ್ಲಿ ನನ್ನ ಅಕ್ಷರಕ್ಕೆ ಬಹುಮಾನ ಬಂದಿತ್ತು.

ಹಾಗಾಗಿ, ಇವನು ಯಾರೋ ಕಾರ್ಖಾನೆಯವನು,
ಕಾಯಿದೆಗೆ ಹೆದರಿಯೋ ಏನೋ, ಎಲ್ಲ ಬರೆದಿದ್ದಾನಲ್ಲ,
ಇರುವೆಯಷ್ಟು ಸಣ್ಣದಾಗಿ, ಪೊಟ್ಟಣದ ಮಡಿಕೆಯೊಳಗೆ,
ಆದರೂ ಬರೆದಿದ್ದಾನೆ.
ಇದು ಒಳ್ಳೆಯ ಊಟ ಎನ್ನಲಾರೆ. ದಿನಾ ತಿನ್ನಬೇಡ.
ವಿಷ ಎಂದು ಕೂಗುವ ಬಾಯಿಯೂ ನನ್ನದಲ್ಲ.

ನಿನ್ನೆ ರಾತ್ರಿ ಹಳದಿ ಬಟಾಣಿ ನೆನೆಹಾಕಿದ್ದೆ.
ಸಿಪ್ಪೆ ಸಮೇತ, ಸಿಟ್ಟಿನ ಸಮೇತ, ಪೂರ್ತಿ ಬಟಾಣಿ.
ಸೂಪು ಕುದಿಯುತ್ತಿದೆ. ನಿನ್ನ ಸಾಸೇಜು ತೆಳ್ಳಗೆ ಹೆಚ್ಚು,
ಎರಡು ಸಾಕು, ಮಿಕ್ಕದ್ದು ಒಳಗಿಡು.
ತಟ್ಟೆ ತಾ.
ಉಪ್ಪಿನ ಡಬ್ಬಿ ಬೇಡ. ಅದು
ಅಜ್ಜನ ಫೋಟೋದ ಪಕ್ಕ ಅಲ್ಲೇ ಇರಲಿ.