ಕೊನೆ ತೂಬು

ಜನವರಿಗೊಂದು ಸಲ, ಜುಲೈಗೊಂದು ಸಲ
ನನ್ನ ಬಲಗೈಯ ಮೂರು ಬೆರಳು
ಒಂದಿಷ್ಟು ಬೆಳೆಯುತ್ತವೆ,
ಕಾಗದದ ಮೇಲೆ.

ಮದ್ದೂರು ಖಜಾನೆಯ ಶಶಿರೇಖಮ್ಮ
ಕನ್ನಡಕ ಏರಿಸಿ ಓದಿ ಹೇಳಿದರು:
'ಗಾಯದ ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ,
ನೂರ ಎಂಬತ್ತಾರು ಜಾಸ್ತಿ, ದೊಳ್ಳಯ್ಯನೋರೆ.'
ಮೂರರಿಂದ ಭಾಗಿಸಿದೆ.
ಬೆರಳಿಗೆ ಅರವತ್ತೆರಡು.
ತೋರುಬೆರಳಿಗೂ ಉಂಗುರಬೆರಳಿಗೂ
ಒಂದೇ ರೇಟು ಹಾಕಿದ್ದು ತಪ್ಪೇನೋ;
ಮುದ್ದೆ ಮುರಿಯುವಾಗ ಗೊತ್ತಾಗುತ್ತದೆ
ಯಾವುದು ಯಾವ ಕೆಲಸಕ್ಕಿತ್ತೆಂದು.

ಹದಿನೇಳನೇ ತೂಬು. ಸರಿರಾತ್ರಿ.
ಏರಿ ಕೊರೆಯುತ್ತಿತ್ತು ನೀರು.
'ಎತ್ತಯ್ಯ ಗೇಟು' ಅಂದಿತು ಫೋನು.
ಎತ್ತಿದೆ.
ವರ್ಷಗಟ್ಟಲೆ ಗ್ರೀಸು ಕಾಣದ ಹಲ್ಲಿನ ಚಕ್ರ
ಹಸಿದಿತ್ತು.
ಟಾರ್ಚು ನಾಲೆಗೆ ಬಿದ್ದು
ನೀರೊಳಗೆ ಇನ್ನೂ ಉರಿಯುತ್ತಿತ್ತು.
ಅಷ್ಟೇ ನೆನಪು.

ಮೈಸೂರಿನ ಡಾಕ್ಟರು ಬರೆದರು: ಶೇಕಡಾ ನಲವತ್ತು.
ಉಳಿದ ಅರವತ್ತು ನಾನು.
ನನಗೆ ಏರಿಕೆಯಿಲ್ಲ.

ಗಾಯವೂ ತುಟ್ಟಿಯಾಗುತ್ತದೆ ಅಂತ
ಎಲ್ಲೋ ಕೂತು ಯಾರೋ ಯೋಚಿಸಿದ್ದಾನಲ್ಲ,
ಆ ಪುಣ್ಯಾತ್ಮನಿಗೊಂದು ನಮಸ್ಕಾರ,
ಒಂದೂವರೆ ಕೈಯದು.
ಚಿಕ್ಕತಾಯಿಗೆ ಆದೇಶ ಓದಲು ಬಾರದು,
ಅವಳು ಸಂತೆ ಓದುತ್ತಾಳೆ:
ಅವರೆಕಾಳು, ಕಡ್ಲೆಕಾಯೆಣ್ಣೆ, ನೋವಿನ ಮುಲಾಮು.
'ಮುಲಾಮೇ ಇಪ್ಪತ್ರುಪಾಯಿ ಏರದೆ ಕಣಿ.'
ಚಳಿಗೆ ಇಲ್ಲದ ಬೆರಳೇ ಹೆಚ್ಚು ನೋಯುವುದು.
ಎಲ್ಲಿಗೆ ಹಚ್ಚಲಿ ಎಂದು
ಗಾಳಿಯಲ್ಲಿ ತಡಕುತ್ತಾಳೆ.

'ಹಿಂಬಾಕಿ ಯಾವಾಗಮ್ಮ?' ಕೇಳಿದೆ.
'ಬತ್ತದೆ ಇರಿ, ಮೇಲಿಂದ ಬಿಟ್ಟವ್ರೆ.'

ಅಯ್ಯೋ, ಆ ಮಾತು ನನ್ನದು.
ಇಪ್ಪತ್ತಾರು ವರ್ಷ
ಕೊನೆ ತೂಬಿನವರಿಗೆ ನಾನೇ ಹೇಳಿದ್ದು,
ಸೈಕಲ್ಲಿಂದ ಇಳಿಯದೆ, ಒಂದು ಕಾಲು ಊರಿ.
ಅವರು ಮಾತಾಡುತ್ತಿರಲಿಲ್ಲ.
ಪೈರು ನನ್ನ ಮುಖ ನೋಡುತ್ತಿತ್ತು.
ಸುಳ್ಳಲ್ಲ ಅದು. ಮೇಲಿಂದ ಬಿಟ್ಟೇ ಇರುತ್ತಿದ್ದರು.
ನಡುವೆ ಎಷ್ಟು ತೂಬು, ಎಷ್ಟು ಕಳ್ಳ ಪೈಪು,
ಏಡಿ ಕೊರೆದ ಎಷ್ಟು ಬಿಲ.
ಅಲ್ಲಿಗೆ ಮುಟ್ಟುವ ಹೊತ್ತಿಗೆ
ನೀರೆಂದರೆ ಬರೀ ಮಣ್ಣಿನ ಬಣ್ಣ ಕಪ್ಪಾಗುವುದು.

ಬಸ್ ಸ್ಟ್ಯಾಂಡಿನಲ್ಲಿ ಟೀ ಹೇಳಿದೆ.
ಹೋದ ತಿಂಗಳು ಹತ್ತು, ಇವತ್ತು ಹನ್ನೆರಡು.
ಹುಡುಗ ಹೊಸಬ,
ಲೋಟ ನನ್ನ ಬಲಗಡೆ ಇಟ್ಟ.
ಎಡಗೈ ಬಳಸಿಕೊಂಡು ಬಂತು,
ತುಸು ತಡವಾಗಿ.
ಕೆನೆ ಕಟ್ಟಿತ್ತು.